ಸಿಗ್ನಲ್ ಎಲ್ಲಿ ತಪ್ಪಿತು? ಹಂಚಿಕೆ ಆಂಟೆನಾ ಜಾಲದ ಪಾಠ

ತರಗತಿ: 10. ಅವಧಿ: 40 ನಿಮಿಷ.

ಪೂರ್ವಜ್ಞಾನ: ಸಾಮರ್ಥ್ಯ, ವ್ಯಾಟ್, ಭಿನ್ನರಾಶಿ.

ಕಲಿಕಾ ಉದ್ದೇಶ: ಅಳತೆಗಳನ್ನು ಹೋಲಿಸಿ ದೋಷದ ಜಾಗವನ್ನು ವಿದ್ಯಾರ್ಥಿಗಳು ಗುರುತಿಸುವರು.

ಪೀಠಿಕೆ: ದೊಡ್ಡ ಆಸ್ಪತ್ರೆಯ ನೆಲಮಾಳಿಗೆಗೆ ಹೊರಗಿನ ಟವರ್‌ನ ಸಿಗ್ನಲ್ ಸರಿಯಾಗಿ ಇಳಿಯುವುದಿಲ್ಲ, ಕಾಂಕ್ರೀಟ್ ಅದನ್ನು ಕುಗ್ಗಿಸುತ್ತದೆ. ಅಲ್ಲಿಂದ 112ಕ್ಕೆ ಕರೆ ಹೋಗಬೇಕಾದರೆ ಏನು ಮಾಡಬೇಕು? ಕಟ್ಟಡದೊಳಗೇ ಹಲವು ಸಣ್ಣ ಆಂಟೆನಾಗಳನ್ನು ಹಂಚಿ ಕೂರಿಸುತ್ತಾರೆ.

ಕಪ್ಪುಹಲಗೆ: ಬೇಸ್ ಸ್ಟೇಷನ್ → ಹೆಡ್ ಎಂಡ್ → ಆಪ್ಟಿಕಲ್ ಫೈಬರ್ → ರಿಮೋಟ್ ಯೂನಿಟ್ → ಕೊಆಕ್ಷಿಯಲ್ ಕೇಬಲ್ → ಸ್ಪ್ಲಿಟರ್ → ಆಂಟೆನಾ. ಫೈಬರ್‌ನಲ್ಲಿ ಬೆಳಕಾಗಿ ಬಂದದ್ದನ್ನು ರಿಮೋಟ್ ಯೂನಿಟ್ ಮತ್ತೆ ರೇಡಿಯೋ ಸಿಗ್ನಲ್ ಮಾಡುತ್ತದೆ.

ಚಟುವಟಿಕೆ: ರಿಮೋಟ್ ಯೂನಿಟ್ ಆದ ವಿದ್ಯಾರ್ಥಿಗೆ 8 ಹುಣಸೆ ಬೀಜ ಕೊಡಿ. ಒಂದು ಬೀಜಕ್ಕೆ 125 ಮಿಲಿವ್ಯಾಟ್. ಒಟ್ಟು 1 ವ್ಯಾಟ್. ಮೊದಲ ಸ್ಪ್ಲಿಟರ್ 4–4 ಆಗಿ ಹಂಚಲಿ. ಒಂದು ಪಾಲು 'ಅ' ಆಂಟೆನಾದ ಕೇಬಲ್‌ಗೆ. ಇನ್ನೊಂದನ್ನು ಎರಡನೇ ಸ್ಪ್ಲಿಟರ್ 2–2 ಮಾಡಿ 'ಆ', 'ಇ' ಆಂಟೆನಾಗಳ ಕೇಬಲ್‌ಗಳಿಗೆ ಕೊಡಲಿ. ಪ್ರತಿ ಕೇಬಲ್ ಅರ್ಧ ಬೀಜಗಳನ್ನು 'ಶಾಖ' ಡಬ್ಬಿಗೆ ಹಾಕಲಿ. ಉಳಿಯುವುದು: ಅ 250, ಆ 125, ಇ 125 ಮಿಲಿವ್ಯಾಟ್. (ಲೆಕ್ಕ ಸುಲಭವಾಗಲೆಂದು ಉಳಿದ ನಷ್ಟಗಳನ್ನು ಬಿಟ್ಟಿದೆ.)

ಚರ್ಚೆ: ಕೇಬಲ್‌ಗಳ ತುದಿಯಲ್ಲಿ ಪವರ್ ಮೀಟರ್ ಹಿಡಿದಾಗ ಹೀಗೆ ಬಂದರೆ ದೋಷ ಎಲ್ಲಿ?

1. ಅ 250, ಆ 125, ಇ 12: ಎರಡನೇ ಸ್ಪ್ಲಿಟರ್‌ನಿಂದ 'ಇ'ಗೆ ಹೋಗುವ ಕವಲಿನಲ್ಲಿ.
2. ಅ 250, ಆ 12, ಇ 12: 'ಎರಡು ಕೇಬಲ್ ಒಟ್ಟಿಗೆ ಕೆಟ್ಟಿವೆ' ಎಂಬ ಉತ್ತರ ಬರಬಹುದು. ಇವೆರಡಕ್ಕೂ ಸೇರಿದ, ಆದರೆ 'ಅ'ಗೆ ಸೇರದ ಭಾಗ ಯಾವುದು ಎಂದು ಕೇಳಿ. ಎರಡನೇ ಸ್ಪ್ಲಿಟರ್ ಅಥವಾ ಅದಕ್ಕೆ ಬರುವ ಕೇಬಲ್ಲನ್ನೇ ಮೊದಲು ಶಂಕಿಸಬೇಕು.
3. ಮೂರೂ ಕಡಿಮೆ: ಮೊದಲ ಸ್ಪ್ಲಿಟರ್ ಅಥವಾ ಅದರ ಹಿಂದೆ. ಬೇರೆ ಮಹಡಿಯ ರಿಮೋಟ್ ಯೂನಿಟ್ ಸರಿಯಿದ್ದರೆ ಬೇಸ್ ಸ್ಟೇಷನ್ನನ್ನು ಶಂಕಿಸಬೇಕಿಲ್ಲ.
4. ಮೂರೂ ಸರಿ, 'ಇ' ಬಳಿ ಮಾತ್ರ ಸಿಗ್ನಲ್ ಇಲ್ಲ: ಈಗ ಆಂಟೆನಾ ನೋಡಿ.

ಕೆಟ್ಟವು ಹಂಚಿಕೊಂಡಿರುವ ದಾರಿಯಿಂದ ಸರಿಯಿರುವುದರ ದಾರಿಯನ್ನು ಕಳೆದರೆ ಉಳಿಯುವುದೇ ಹುಡುಕುವ ಜಾಗ. ಹೀಗೆ ಯೋಚಿಸಿದರೆ ಇಡೀ ಚಾವಣಿ ಬಿಚ್ಚಬೇಕಿಲ್ಲ.

ಮೌಲ್ಯಮಾಪನ: ಫೋನಿನಲ್ಲಿ ಗೆರೆಗಳು ಪೂರ್ತಿ ಇವೆ, ಕರೆ ಮಾತ್ರ ಹೋಗುತ್ತಿಲ್ಲ. ಏಕಿರಬಹುದು? (ಸುಳಿವು: ಗೆರೆಗಳು ಫೋನಿಗೆ ಬರುವ ಸಿಗ್ನಲ್ಲನ್ನು ತೋರಿಸುತ್ತವೆ. 4ಜಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್ ಕಳಿಸುತ್ತದೆ. ಅದೂ ಇದೇ ಕೇಬಲ್‌ಗಳಲ್ಲಿ ಹಿಂದಿರುಗಬೇಕು.)