ಬಕೆಟ್ಟಿನ ನೀರೋ, ಇಂಜಿನ್ ಕೋಣೆಯ ನೀರೋ?

ಆಫೀಸಿನ ಕಡತದಲ್ಲಿ ‘27’ ಎಂದಷ್ಟೇ ಬರೆದ ಚೀಟಿಯೊಂದು ಸಿಕ್ಕಿತೆನ್ನಿ. ರೂಪಾಯಿಯೋ, ಮೂಟೆಯೋ, ತಾರೀಖೋ? ಬರೆದವರಾರು, ಎಂದು? ಇದು ತಿಳಿಯದೆ ಆ ಅಂಕಿ ಯಾವ ಲೆಕ್ಕಕ್ಕೂ ಬಾರದು. ಅಂಕಿಯ ಜೊತೆಗಿರಬೇಕಾದ ಇಂಥ ವಿವರಕ್ಕೆ ವಿಜ್ಞಾನಿಗಳು ‘ಮೆಟಾಡೇಟಾ’ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಗುಮಾಸ್ತ ಮಿತ್ರರಿಗೆ ಪರಿಚಯದ್ದೇ.

ಈ ವಿವರ ತಪ್ಪಿದರೆ ಏನಾಗುವುದೆಂಬುದಕ್ಕೆ ಸಮುದ್ರದ ಉಷ್ಣತೆಯ ಕಥೆಯೇ ಸಾಕು. ಭೂಮಿ ಎಷ್ಟು ಕಾವೇರಿದೆಯೆಂದು ತಿಳಿಯಲು ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ಮುಖ್ಯ ಆಧಾರ. ನಾವಿಕರು ಹಗ್ಗ ಕಟ್ಟಿದ ಬಕೆಟ್ಟನ್ನು ಇಳಿಬಿಟ್ಟು, ನೀರು ಸೇದಿ, ಥರ್ಮಾಮೀಟರ್ ಅದ್ದಿ ಬರೆದಿಡುತ್ತಿದ್ದರು. ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ಆರುತ್ತದೆ. ಕ್ಯಾನ್ವಾಸ್ ಬಕೆಟ್ಟಾದರಂತೂ ನಮ್ಮ ಮಣ್ಣಿನ ಹೂಜಿಯ ಹಾಗೆ ಮೈಯೆಲ್ಲ ಒಸರಿ ಇನ್ನಷ್ಟು ತಣ್ಣಗೆ. ಮುಂದೆ ಇಂಜಿನ್ನನ್ನು ತಣಿಸಲು ಒಳಗೆಳೆದ ನೀರನ್ನೇ ಕೆಲವರು ಅಳೆದರು. ಇಂಜಿನ್ ಕೋಣೆಯ ಕಾವಿಗೆ ಅದು ತುಸು ಹೆಚ್ಚೇ ತೋರಿಸುತ್ತದೆ. ಎರಡೂ ಅಂಕಿಗಳು ಒಂದೇ ಕಾಲಂನಲ್ಲಿ ಕುಳಿತವು. ಅಳೆದ ಬಗೆಯನ್ನು ಬಹಳ ಕಡೆ ಬರೆಯಲೇ ಇಲ್ಲ.

1942ರಿಂದ 1945ರ ಆಗಸ್ಟಿನವರೆಗೆ ದೊರೆತ ಅಂಕಿಗಳಲ್ಲಿ ನೂರಕ್ಕೆ ಸುಮಾರು 80 ಅಮೆರಿಕದ ಹಡಗುಗಳವು. ಅವರದು ಹೆಚ್ಚಾಗಿ ಇಂಜಿನ್ ನೀರು. ಯುದ್ಧ ಮುಗಿದೊಡನೆ ಬ್ರಿಟಿಷರ ಬಕೆಟ್ಟಿನ ಅಂಕಿಗಳು ಅರ್ಧದಷ್ಟಾದವು. ಆದಕಾರಣ 1945ರ ಕೊನೆಯಲ್ಲಿ ಜಗತ್ತಿನ ಸರಾಸರಿ ಉಷ್ಣತೆ ಸುಮಾರು 0.3 ಡಿಗ್ರಿ ಹಠಾತ್ತನೆ ಕುಸಿದಂತೆ ಕಂಡಿತು. ಕಡಲು ಅಷ್ಟು ತಣ್ಣಗಾಗಿರಲಿಲ್ಲ. ಅಳೆಯುವ ರೀತಿ ಬದಲಾಗಿತ್ತು! ಥಾಂಪ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದ್ದು 2008ರಲ್ಲಿ. ಒಂದು ಷರಾ ಬರೆದಿದ್ದರೆ ಅರುವತ್ತು ವರ್ಷ ಕಾಯಬೇಕಿತ್ತೆ?

ಇನ್ನೊಂದು ಪ್ರಸಂಗ ನಕಲು ಮಾಡುವವರಿಗೆ ನೇರವಾಗಿ ನಾಟುವಂಥದು. ಕೆಲವು ಜಪಾನೀ ಹಡಗುಗಳ ದಾಖಲೆಗಳನ್ನು ನಕಲಿಸುವಾಗ ದಶಾಂಶದ ಅಂಕಿಯನ್ನು ಕತ್ತರಿಸಿದ್ದರೆಂದು 2019ರಲ್ಲಿ ಸಂಶೋಧಕರು ಕಂಡುಹಿಡಿದರು. 15.9 ಇದ್ದದ್ದು 15 ಆಯಿತು. ಬಿಟ್ಟ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದಾದರೂ ಇದ್ದೀತಷ್ಟೆ. ಸರಾಸರಿ ತೆಗೆದರೆ 0.45 ಡಿಗ್ರಿ ನಷ್ಟ. ಕತ್ತರಿಸಿದ್ದು ತಪ್ಪೆಂದು ನಾನು ಜರೆಯಲಾರೆ. ಕತ್ತರಿಸಿದ್ದೇವೆಂದು ಬರೆಯದೆ ಹೋದದ್ದೇ ಅನರ್ಥ.

ಈಗ ಅಂಕಿಗಳನ್ನು ಪರರಿಗೆ ಕೊಡುವವರು ಯಾವ ಉಪಕರಣ, ಯಾವ ಮಾನ, ಅಳೆದ ರೀತಿ, ಸ್ಥಳ, ಆಮೇಲೆ ಯಾರು ಏನು ತಿದ್ದಿದರು ಎಂಬುದನ್ನೆಲ್ಲ ಜೊತೆಗಿಡಬೇಕೆಂದು ನಿಯಮಗಳಿವೆ. ಮೂಲ ಅಂಕಿಯನ್ನು ಅಳಿಸಕೂಡದು. ಗಂಟೆ ಬರೆದರೆ ಯಾವ ಗಡಿಯಾರದ್ದೆಂದೂ ಹೇಳಬೇಕು. ಮುಂಬಯಿಯ ವಾಚಕರು ಇದನ್ನು ಹಗುರವಾಗಿ ಕಾಣಬಾರದು. ಆ ನಗರದಲ್ಲಿ 1955ರವರೆಗೂ ‘ಬಾಂಬೆ ಟೈಮ್’ ಬಳಕೆಯಲ್ಲಿತ್ತು. ಭಾರತದ ಸಮಯಕ್ಕಿಂತ ಅದು 39 ನಿಮಿಷ ಹಿಂದೆ. ಹಳೆಯ ಪುಸ್ತಕದಲ್ಲಿ ‘ಬೆಳಿಗ್ಗೆ 8’ ಎಂದಿದ್ದರೆ, ಯಾವ ಎಂಟು?