ಕುಡಿತ ಬಿಟ್ಟ ಮೇಲೂ ಉಳಿದಿದ್ದ ಕಾಯಿಲೆ

ಕುಡಿಯುವವನ ಹೆಂಡತಿಗೆ ಊರೆಲ್ಲ ಬುದ್ಧಿ ಹೇಳುತ್ತದೆ. ಹುಲಿಗಿಯ ಹುಲಿಗೆಮ್ಮ ದೇವಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸು ಎಂದರು ಒಬ್ಬರು. ಗೊತ್ತಾಗದ ಹಾಗೆ ಸಾರಿನಲ್ಲಿ ಪುಡಿ ಬೆರೆಸು ಎಂದರು ಇನ್ನೊಬ್ಬರು. ಮಕ್ಕಳನ್ನು ಕರಕೊಂಡು ತವರಿಗೆ ನಡೆ, ತಾನಾಗಿ ದಾರಿಗೆ ಬರುತ್ತಾನೆ ಎಂದವರೂ ಇದ್ದರು. ಆಸ್ಪತ್ರೆಗೆ ತೋರಿಸು ಎಂದು ಮಾತ್ರ ಯಾರೂ ಹೇಳಲಿಲ್ಲ. ಚಟಕ್ಕೆ ಡಾಕ್ಟರು ಯಾಕೆ ಎನ್ನುವುದು ಎಲ್ಲರ ಲೆಕ್ಕಾಚಾರ.

ನಮ್ಮದು ಬಳ್ಳಾರಿ ಜಿಲ್ಲೆ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆಳಿಗ್ಗೆ ಕೈ ನಡುಗಿ ಪೆನ್ನು ಹಿಡಿಯಲಾಗದ ಹಂತಕ್ಕೆ ಬಂದಾಗ ಹುಲಿಗಿಗೆ ಹೋಗಿ ಆಣೆ ಮಾಡಿದರು. ಮಾತಿಗೆ ತಪ್ಪಲಿಲ್ಲ, ಅವತ್ತೇ ನಿಲ್ಲಿಸಿದರು. ಒಂದೆರಡು ದಿನ ಕಳೆಯುವುದರೊಳಗೆ ಮೈಯೆಲ್ಲ ಬೆವರು, ನಡುಕ, ಕಣ್ಣಿಗೆ ನಿದ್ದೆಯಿಲ್ಲ. ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಎಂದು ಬರಿಗೈಯಲ್ಲಿ ಒರೆಸತೊಡಗಿದರು. ನನ್ನನ್ನು ಗಿರಣಿ ಸಾಹುಕಾರರೆಂದು ತಿಳಿದು ಮಾತಾಡಿಸಿದರು. ಗಾಳಿ ಸೋಕಿದೆ ಎಂದು ಅತ್ತೆ ಬೇವಿನ ಸೊಪ್ಪಿಗೆ ಓಡಿದರು. ಮೈದುನ ಆಟೋ ತಂದ.

ಆಸ್ಪತ್ರೆಯಲ್ಲಿ ಗೊತ್ತಾದದ್ದು ಇಷ್ಟು: ವರ್ಷಗಟ್ಟಲೆ ದಿನವೂ ಕುಡಿದ ಮೆದುಳು ಆ ಮತ್ತಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದು ಕೆರಳುತ್ತದೆ. ಫಿಟ್ಸ್ ಬರಬಹುದು, ಎರಡು ಮೂರು ದಿನದೊಳಗೆ ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಡಯಾಜೆಪಾಮ್ ತರಹದ ಮಾತ್ರೆಯನ್ನು ಮೊದಲು ಹೆಚ್ಚಿಗೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ನಿಶ್ಶಕ್ತಿ ಎಂದಾಗಲೆಲ್ಲ ಗ್ಲೂಕೋಸ್ ಏರಿಸಿ ಎನ್ನುವ ಜನ ನಾವು. ಡಾಕ್ಟರು ಮಾತ್ರ ಮೊದಲು ಬಿ1 ಇಂಜೆಕ್ಷನ್ ಕೊಡಿಸಿದರು. ಕುಡಿಯುವವರ ಮೈಯಲ್ಲಿ ಆ ವಿಟಮಿನ್ ಬರಿದಾಗಿರುತ್ತದೆ; ಅದಿಲ್ಲದೆ ಗ್ಲೂಕೋಸ್ ಹಾಕಿದರೆ ಮೆದುಳಿಗೇ ಪೆಟ್ಟು ಬೀಳಬಹುದಂತೆ.

ಪುಡಿಯ ವಿಷಯವನ್ನೂ ಕೇಳಿದೆ. ಅಂಥ ಪುಡಿಗಳಲ್ಲಿ ಏನಿರುತ್ತದೋ ಹೇಳಲಾಗದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೂ ಕೆಲವರು ಹೀಗೆ ಕದ್ದು ಬೆರೆಸುತ್ತಾರೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಡರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿಯೇ ಕೊಡಬೇಕಾದ ಔಷಧ ಅದು.

ಮನೆಗೆ ಬಂದ ಮೇಲೆ ಎಲ್ಲರೂ ನನ್ನನ್ನು ಪುಣ್ಯವಂತೆ ಎಂದರು. ಒಳಗಿನ ಕತೆ ಬೇರೆಯಿತ್ತು. ಇವರು ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಕೂರುತ್ತಿದ್ದರು. ಪ್ರಾಣದಂತಿದ್ದ ಮಗಳು ಮಾತಾಡಿಸಿದರೂ ಹೂಂ ಎನ್ನುತ್ತಿರಲಿಲ್ಲ. ರೊಟ್ಟಿ ಮುರಿದು ಹಾಗೇ ಇಡುತ್ತಿದ್ದರು. "ಕುಡಿಯೋವಾಗಲೇ ಚಲೋ ಇದ್ದ" ಎಂದು ಅತ್ತೆಯೇ ಅಂದುಬಿಟ್ಟರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುತ್ತಿದ್ದ ಮನೋವೈದ್ಯರು ಕುಡಿತ ನಿಂತ ಮೊದಲ ಕೆಲವು ವಾರ ಕಾದು ನೋಡಿದರು. ಮದ್ಯದಿಂದಲೇ ಹುಟ್ಟಿದ ಮಂಕಾದರೆ ಅಷ್ಟರೊಳಗೆ ತಿಳಿಯಾಗಬೇಕು. ಇವರದು ಆಗಲಿಲ್ಲ. ಇವರ ಇನ್ನೊಬ್ಬ ತಮ್ಮ ತೀರಿಕೊಂಡ ವರ್ಷದಿಂದ, ಕುಡಿತ ಹೆಚ್ಚುವುದಕ್ಕೂ ಮೊದಲೇ, ಖಿನ್ನತೆ ಒಳಗೆ ಕೂತಿತ್ತು.

ಡಾಕ್ಟರು ನನ್ನೆದುರಿಗೇ ಅವರನ್ನು ಕೇಳಿದರು: "ಸತ್ತುಹೋಗಬೇಕು ಅನ್ನಿಸುತ್ತದಾ?" ನನ್ನ ಎದೆ ಧಸಕ್ಕೆಂದಿತು. ಇವರು ಹೌದೆಂದು ತಲೆಯಾಡಿಸಿ ಅತ್ತರು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಡಾಕ್ಟರು ಆಮೇಲೆ ತಿಳಿಸಿದರು. ಅವತ್ತಿನಿಂದ ಮನೆಯಲ್ಲಿ ನಾನೂ ಕೇಳುತ್ತೇನೆ.

ಖಿನ್ನತೆಯ ಮಾತ್ರೆ ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಗುಣ ಕಂಡಿತೆಂದು ಬಿಡುವಂತಿಲ್ಲ. ಆಮೇಲೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಬೇಕು. ಇವರು ಮೈ ಹಗುರಾಯಿತೆಂದು ನಡುವೆ ಬಿಟ್ಟರು. ನಿದ್ದೆ ಹೋಯಿತು, ಸಿಡುಕು ಬಂತು, ಆಮೇಲೆ ಒಂದು ಮದುವೆಯಲ್ಲಿ ಗ್ಲಾಸು ಹಿಡಿದರು. ಡಾಕ್ಟರು ಬೈಯಲಿಲ್ಲ, ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಆಗುವಂಥದ್ದೇ, ಮಾರನೇ ದಿನವೇ ಬಂದಿರಲ್ಲ, ಅದು ಮುಖ್ಯ ಎಂದರು. ಈಗ ನಾನು ಬಾಟಲಿ ಹುಡುಕುವುದಿಲ್ಲ, ನಿದ್ದೆ ಗಮನಿಸುತ್ತೇನೆ.

ನನಗೂ ಪಾಠವಿತ್ತು. ಗಿರಣಿಗೆ ಫೋನ್ ಮಾಡಿ ಇವರಿಗೆ ಜ್ವರ ಎನ್ನುವುದು, ವೈನ್‌ಶಾಪಿನ ಸಾಲ ತೀರಿಸುವುದು ನಿನ್ನ ಕೆಲಸವಲ್ಲ ಎಂದರು ಆಪ್ತಸಮಾಲೋಚಕಿ. ಮನೆಯವರಿಗೂ ಆಸರೆ ಬೇಕೆನ್ನುವುದು ಹೊಸ ಮಾತಲ್ಲ. ಕುಡಿತ ಬಿಡುವವರ ಸಂಘಟನೆಯಾದ ಎಎ ಅಮೆರಿಕದಲ್ಲಿ 1935ರಲ್ಲಿ ಶುರುವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್, 1951ರಲ್ಲಿ ಮನೆಯವರಿಗಾಗಿಯೇ ಅಲ್-ಅನಾನ್ ಕಟ್ಟಿದರು. ಕುಡಿಯುವವನ ಮನೆಯವರೂ ಬಳಲುತ್ತಾರೆಂದು ಆಕೆಗೆ ಗೊತ್ತಿತ್ತು.

ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಹಳ್ಳಿಗಳಿಗೆ ಮಾನಸಿಕ ಚಿಕಿತ್ಸೆ ತಲುಪಿಸಿ ತೋರಿಸಿತ್ತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅಂಥ ಜಿಲ್ಲೆಯವಳಾದ ನನಗೇ ಅದು ತಿಳಿದದ್ದು ತಡವಾಗಿ. ಅದಕ್ಕೇ ಹೇಳುತ್ತೇನೆ: ದಿನವೂ ಕುಡಿಯುವವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಬಿಟ್ಟ ಮೇಲೂ ಮಂಕಾಗಿ ಕೂತರೆ ಸೊಕ್ಕೆನ್ನಬೇಡಿ, ಡಾಕ್ಟರಿಗೆ ತೋರಿಸಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.