ಮಗು ಮಾತಾಡುವುದು ತಡವೇ? ಕನ್ನಡ ಬಿಡಬೇಡಿ, ಪುಸ್ತಕ ಹಿಡಿಯಿರಿ



ಹೃದಯದ ಡಾಕ್ಟರಿಗೆ ಮಕ್ಕಳ ಮಾತಿನ ಉಸಾಬರಿ ಯಾಕೆ ಅನ್ನಬೇಡಿ. ಹೈದರಾಬಾದಿನಲ್ಲಿ ನನ್ನ ಹತ್ತಿರ ಬಿಪಿ ತೋರಿಸಲು ಬರುವ ಕನ್ನಡದ ಅಜ್ಜಿಯರು ಎದ್ದು ಹೋಗುವಾಗ ಕೇಳುವುದು ಇದನ್ನೇ: "ಮೊಮ್ಮಗನಿಗೆ ಎರಡು ತುಂಬಿತು, ಮಾತೇ ಇಲ್ಲ. ಮನೇಲಿ ಕನ್ನಡ, ಆಯಾ ತೆಲುಗು, ಪ್ಲೇಸ್ಕೂಲಲ್ಲಿ ಇಂಗ್ಲಿಷ್. ಗೊಂದಲ ಆಗಿರಬೇಕಲ್ವಾ?"

ಇಲ್ಲ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮಗು ನಮ್ಮ 'ನೀರು', ತೆಲುಗಿನ 'ಪಾಲು', ಇಂಗ್ಲಿಷಿನ 'ಬಾಲ್' ಅಂದರೆ ಮೂರು ಪದ ಬಂತು ಎಂದೇ ಲೆಕ್ಕ.

ನನಗೂ ಇದು ತಡವಾಗಿ ತಿಳಿಯಿತು. ನನ್ನ ಮಗಳಿಗೆ ಎರಡು ವರ್ಷವಿದ್ದಾಗ "ಇಂಗ್ಲಿಷ್ ಒಂದೇ ಆಡಿ" ಎಂದು ಒಬ್ಬರು ಹೇಳಿದರು. ಎಂ.ಡಿ. ಓದಿದ ನಾನೂ ತಲೆಯಾಡಿಸಿದೆ. ಧಾರವಾಡದ ಕನ್ನಡ ಬಿಟ್ಟು ಬೇರೇನೂ ಬಾರದ ನನ್ನ ಅಮ್ಮ ನಾಲ್ಕು ತಿಂಗಳು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನೆ ಇರುತ್ತಿದ್ದರು. ದಿನವಿಡೀ ಮಗುವಿನ ಜೊತೆ ಇದ್ದವರ ಬಾಯಿಯನ್ನೇ ನಾವು ಮುಚ್ಚಿಸಿದ್ದೆವು.

ಆಮೇಲೆ ಅಮ್ಮನ ಕೈಗೆ ಚಿತ್ರಪುಸ್ತಕ ಕೊಟ್ಟೆವು. ಅವರು ಅಕ್ಷರ ಓದಲೇ ಇಲ್ಲ. ನಾಯಿಯ ಮೇಲೆ ಬೆರಳಿಟ್ಟು "ಇದು ಯಾರವಾ?" ಅನ್ನುವುದು, ಕಾಯುವುದು. ಮಗಳು "ಬೌ" ಅಂದರೆ "ಹೌದು, ನಾಯಿ! ನಾಯಿ ಓಡಾಕತ್ತೇತಿ" ಅನ್ನುವುದು. ಸರಿಯಾದ ವಿಧಾನ ಇದೇ. ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಮಗು ಅಂದದ್ದಕ್ಕೆ ಒಂದೆರಡು ಪದ ಸೇರಿಸಿ ಹಿಂದಿರುಗಿಸಿ. ಆ ಕಾಯುವುದೇ ಕಷ್ಟ, ನಮಗೆ ತಡೆಯುವುದಿಲ್ಲ! ಒಂದೇ ಪುಸ್ತಕವನ್ನು ನೂರು ಸಲ ಕೇಳಿದರೆ ಬೇಸರಪಡಬೇಡಿ, ಮಗು ಪದ ಕಲಿಯುವುದೇ ಹಾಗೆ. ಪುಟ ಹಾರಿಸಿದರೂ ಅಗಿದರೂ ಬಿಡಿ. ಹತ್ತು ನಿಮಿಷ ಸಾಕು.

ಇಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುತ್ತೀರಾ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತವಾಗಿವೆ. ಅನೇಕ ಕಥೆಗಳು ತೆಲುಗಿನಲ್ಲೂ ಇವೆ, ಆಯಾಗೂ ಕೊಡಿ. ಪ್ರಿಂಟ್ ತೆಗೆಸಿಕೊಳ್ಳಿ. ಎರಡು ವರ್ಷದೊಳಗೆ ಮೊಬೈಲ್ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಸಂಘವೇ ಹೇಳಿದೆ. ಊರಿನ ಅಜ್ಜ-ಅಜ್ಜಿಗೆ ಅಪರೂಪಕ್ಕೊಮ್ಮೆ ವಿಡಿಯೋ ಕಾಲ್ ಮಾಡಿದರೆ ತಪ್ಪಿಲ್ಲ.

ಆದರೆ ಪುಸ್ತಕ ನಂಬಿ ಕೂರಬಾರದ ಸಂದರ್ಭಗಳಿವೆ. ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಪದವಿಲ್ಲದಿದ್ದರೆ, ಎರಡಕ್ಕೆ "ಅಮ್ಮ ಬಾ" ಥರ ಎರಡು ಪದ ಕೂಡಿಸದಿದ್ದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತರೆ ಕೂಡಲೇ ಮಕ್ಕಳ ಡಾಕ್ಟರನ್ನು ಕಾಣಿ. ಮೊದಲು ಕಿವಿ ಪರೀಕ್ಷೆ ಆಗಲಿ. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಕೇಂದ್ರವಿದೆ. ಊರಿಗೆ ಹೋದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತೋರಿಸಬಹುದು.